ಮನೆಯ ದುರಸ್ತಿಯೂ ದಾಸೋಹವೂ

ಸಂಸಾರಿಯಾದವನಿಗೆ ಒದಗುವ ಧರ್ಮಪ್ರಶ್ನೆಗಳೆಲ್ಲವೂ ಶಾಸ್ತ್ರಗ್ರಂಥಗಳಲ್ಲಿ ಚರ್ಚಿತವಾಗುವಂಥವಲ್ಲ. ಕೆಲವು ದಿನನಿತ್ಯದ ಬಾಳುವೆಯಲ್ಲಿ, ಕಂಬ ತೊಲೆಗಳ ನಡುವೆಯೇ ಹುಟ್ಟುತ್ತವೆ. ಅಂಥವುಗಳಲ್ಲಿ ಒಂದನ್ನು ಇಲ್ಲಿ ವಿಚಾರಿಸೋಣ. ಹಳ್ಳಿಯಲ್ಲಿ ತಂದೆತಾಯಿಗಳೂ ಅಣ್ಣನೂ ವಾಸವಾಗಿರುವ ಹಿರಿಯರ ಮನೆ ಶಿಥಿಲವಾಗಿದೆ. ಪಟ್ಟಣದಲ್ಲಿ ಉದ್ಯೋಗಕ್ಕಿರುವ ತಮ್ಮನಿಗೆ ಕರೆ ಬಂದಿದೆ. ಒಂದೆರಡು ತಿಂಗಳು ಊರಿನಲ್ಲಿ ನಿಂತು ಕೆಲಸಕ್ಕೆ ನೆರವಾಗುವುದು ಅವನ ಕರ್ತವ್ಯ. ಇತ್ತ ಹೆಂಡತಿ ಮಕ್ಕಳು ಅವನನ್ನೇ ನೆಚ್ಚಿಕೊಂಡಿದ್ದಾರೆ. ಒಂದು ಕಡೆ ಗೋಡೆ ಏಳುವಾಗ ಇನ್ನೊಂದು ಕಡೆ ಮನಸ್ಸು ಕುಸಿಯಬಾರದು. ಹಾಗಾದರೆ ಈ ನೆರವನ್ನು ಯಾವ ಭಾವದಿಂದ ಮಾಡತಕ್ಕದ್ದು? ಇದು ಧರ್ಮವೋ, ಅಥವಾ ರಕ್ತಸಂಬಂಧದ ಮೋಹವೋ? ಶರಣರ ನಡೆನುಡಿಗಳ ಬೆಳಕಿನಲ್ಲಿ ಇದಕ್ಕೆ ಉತ್ತರ ದೊರೆಯುವುದೇ ಎಂಬುದೇ ನಮ್ಮ ಪ್ರಶ್ನೆ.

ಮೊದಲಿಗೆ ಒಂದು ಸಂದೇಹವನ್ನು ನಿವಾರಿಸಿಕೊಳ್ಳಬೇಕು. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲವೆಂಬ ತತ್ತ್ವವನ್ನು ಬಸವಣ್ಣನವರು ಸಾರಿದರು. ಹಾಗಿದ್ದಮೇಲೆ ಅಳಿಯುವ ಮನೆಗಾಗಿ ಇಷ್ಟು ದುಡಿಯುವುದೇಕೆ ಎಂದು ಕೆಲವರು ಕೇಳಬಹುದು. ಆದರೆ 12ನೆಯ ಶತಮಾನದ ಶರಣರಲ್ಲಿ ಬಹುಮಂದಿ ಮನೆಮಠ ಬಿಟ್ಟು ಹೋದವರಲ್ಲ. ಸತಿಪತಿಗಳಾಗಿ, ಕಾಯಕಜೀವಿಗಳಾಗಿ ಮನೆಯಲ್ಲಿ ಬಾಳಿದವರು. ಬಸವಣ್ಣನವರೇ ಒಂದು ವಚನದಲ್ಲಿ, ಹೊಸ್ತಿಲಿನಿಂದ ಒಳಮನೆಯವರೆಗೆ ನಿರ್ಲಕ್ಷ್ಯಕ್ಕೊಳಗಾದ ಮನೆಯ ಚಿತ್ರವನ್ನು ಮುಂದಿಟ್ಟು, ಇಲ್ಲಿ ಮನೆಯ ಯಜಮಾನನು ಇರುವನೇ ಎಂದು ಪ್ರಶ್ನಿಸಿದ್ದಾರೆ. ಅಲ್ಲಿ ಮನೆಯೆಂಬುದು ತನುಮನಗಳಿಗೆ ಸಂಕೇತವೆಂಬುದು ನಿಜ. ಆದರೂ ಹಾಳುಬಿದ್ದ ಮನೆ ಯಜಮಾನನ ಎಚ್ಚರಗೇಡಿತನಕ್ಕೆ ಗುರುತೆಂಬ ಲೋಕಾನುಭವವಿಲ್ಲದಿದ್ದರೆ ಆ ಸಂಕೇತಕ್ಕೆ ಅರ್ಥವೇ ಬರುತ್ತಿರಲಿಲ್ಲ. ಆದುದರಿಂದ ಮನೆಯನ್ನು ಸುಸ್ಥಿತಿಯಲ್ಲಿಡುವುದು ಲೌಕಿಕವೆಂದು ತಳ್ಳಿಬಿಡತಕ್ಕ ವಿಷಯವಲ್ಲ.

ಉತ್ತರ ಕರ್ನಾಟಕದ ಬಯಲುಸೀಮೆಯ ಮಾಳಿಗೆ ಮನೆಯನ್ನು ನೋಡಿರಿ. ಕಲ್ಲುಮಣ್ಣಿನ ದಪ್ಪ ಗೋಡೆ, ಮರದ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲಕ್ಕೂ ಮೇಲೆ ಮಣ್ಣಿನ ಹೊದಿಕೆ. ಒಮ್ಮೆ ಕಟ್ಟಿ ಮುಗಿಸಿದೆವೆಂದು ಮರೆತುಬಿಡುವ ಮನೆ ಇದಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಯೇರಿ ಬಿರುಕು ನೋಡಬೇಕು, ಸವುಳು ಮಣ್ಣು ಹರಡಿ ಬಡಿದು ಗಟ್ಟಿಮಾಡಬೇಕು, ನೀರು ಹರಿದುಹೋಗುವ ದಾರಿ ತೆರವು ಮಾಡಬೇಕು. ಇದನ್ನು ಬಿಟ್ಟರೆ ನೀರು ಜಂತಿಗೆ ಇಳಿದು ಮರ ಕೊಳೆಯುತ್ತದೆ. ಇನ್ನು ಹಳೆಯ ಮಣ್ಣುಗೋಡೆಗೆ ಭದ್ರವಾಗಲೆಂದು ಸಿಮೆಂಟಿನ ಗಿಲಾವು ಬಳಿಯುವವರುಂಟು. ಮಣ್ಣಿನ ಗೋಡೆ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುವಂಥದು. ಸಿಮೆಂಟು ಆ ತೇವವನ್ನು ಒಳಗೇ ತಡೆಹಿಡಿಯುತ್ತದೆ. ಹೊರಗೆ ನುಣುಪಾಗಿ ಕಾಣುತ್ತಿರುವಾಗಲೇ ಒಳಗಿನ ಮಣ್ಣು ಸಡಿಲವಾಗಿ, ಕಡೆಗೆ ಗಿಲಾವೇ ಹಕ್ಕಳೆಯೆದ್ದು ಬೀಳುತ್ತದೆ. ಮಣ್ಣಿಗೆ ಮಣ್ಣೋ ಸುಣ್ಣದ ಗಾರೆಯೋ ಹೊಂದುತ್ತದೆಯೆಂದು ಬಲ್ಲ ಕೆಲಸಗಾರರು ಹೇಳುವುದು ಇದಕ್ಕಾಗಿಯೇ. ಬಾಂಧವ್ಯದ ರೀತಿಯೂ ಇದೇ. ವರ್ಷವರ್ಷವೂ ನೋಡಿಕೊಳ್ಳದೆ, ಬಿರುಕುಬಿಟ್ಟ ಮೇಲೆ ಹಣದ ಗಿಲಾವು ಬಳಿದರೆ ಅದು ನಿಲ್ಲುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಬ್ಬನು ಇನ್ನೊಬ್ಬನ ಮನೆಗೆ ದುಡಿಯುವುದರಲ್ಲಿ ಮೂರು ಬಗೆಗಳುಂಟು. ಮೊದಲನೆಯದು ಕೂಲಿ. ದುಡಿದದ್ದಕ್ಕೆ ಅಂದೇ ಪ್ರತಿಫಲ ಸಲ್ಲುತ್ತದೆ. ಸಂಬಂಧ ಅಲ್ಲಿಗೆ ತೀರುತ್ತದೆ. ಎರಡನೆಯದು ಮುಯ್ಯಿ. ನಮ್ಮ ಹೊಲಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಹಳೆಯದು. ಇಂದು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲದಲ್ಲಿ ದುಡಿಯುವೆ. ಮದುವೆಮುಂಜಿಗಳಲ್ಲಿ ಮುಯ್ಯಿ ಬರೆದಿಡುವ ಪುಸ್ತಕವನ್ನೂ ವಾಚಕರು ಬಲ್ಲರು. ಇದು ನಿಂದ್ಯವಲ್ಲ, ಊರಿನ ಬಾಳು ಇದರಿಂದಲೇ ನಡೆದಿದೆ. ಮೂರನೆಯದು ದಾಸೋಹ. ಇಲ್ಲಿ ಕೊಟ್ಟವನಿಗೆ ಕೊಟ್ಟೆನೆಂಬ ಅಹಂಭಾವವಿಲ್ಲ. ಮರಳಿ ಬರಬೇಕೆಂಬ ನಿರೀಕ್ಷೆಯೂ ಇಲ್ಲ. ಒಡಹುಟ್ಟಿದವರ ನಡುವೆ ಜಗಳ ಹುಟ್ಟುವುದು ಬಹುಮಟ್ಟಿಗೆ, ಒಬ್ಬನು ಮುಯ್ಯಿಯೆಂದು ಮಾಡಿದ್ದನ್ನು ಇನ್ನೊಬ್ಬನು ದಾಸೋಹವೆಂದು ತಿಳಿದಾಗ. ಮಾಡುವಾಗ ಬಾಯಿಬಿಡದೆ ಮಾಡಿ, ಹತ್ತು ವರ್ಷಗಳ ತರುವಾಯ ಪಾಲಿನ ಮಾತು ಬಂದಾಗ, “ಈ ಮಾಳಿಗೆ ನನ್ನ ಬೆವರಿನಿಂದ ನಿಂತದ್ದು” ಎಂದರೆ, ಆ ಬೆವರು ಅಂದೇ ದಾಸೋಹವಾಗಿರಲಿಲ್ಲವೆಂದು ಅರ್ಥ.

ಹಾಗಾದರೆ ಲೆಕ್ಕವೇ ಬೇಡವೇ ಎಂಬ ಆಕ್ಷೇಪ ಬರುತ್ತದೆ. ಲೆಕ್ಕವಿಲ್ಲದ ಕಡೆ ಉದಾರಿಯಾದವನು ಸೊರಗುತ್ತಾನೆ, ಚತುರನಾದವನು ಬೆಳೆಯುತ್ತಾನೆ ಎಂಬ ಮಾತಿನಲ್ಲಿ ಸತ್ಯಾಂಶವುಂಟು. ಶರಣರು ಇದನ್ನು ಕಡೆಗಣಿಸಿದವರಲ್ಲ. ಆಯ್ದಕ್ಕಿ ಮಾರಯ್ಯನವರ ಕಥೆ ಎಲ್ಲರಿಗೂ ಪರಿಚಿತ. ಆಯ್ದು ತಂದ ಅಕ್ಕಿ ನಿತ್ಯಕ್ಕಿಂತ ಹೆಚ್ಚಾದಾಗ, ಅದನ್ನು ಮರಳಿ ಅಲ್ಲಿಗೇ ಸುರಿದುಬರಬೇಕೆಂದು ಹೇಳಿದವರು ಅವರ ಸತಿ ಲಕ್ಕಮ್ಮನವರು. ದಾಸೋಹದ ಮನೆಯಲ್ಲಿಯೂ ಅಳತೆಯಿತ್ತು; ಆದರೆ ಆ ಅಳತೆ ತನಗೆ ಸಲ್ಲಬೇಕಾದುದೆಷ್ಟೆಂದು ಪರರನ್ನು ಅಳೆಯುವುದಕ್ಕಲ್ಲ, ತಾನು ಹೆಚ್ಚು ಪಡೆಯಬಾರದೆಂದು ತನ್ನನ್ನೇ ಅಳೆದುಕೊಳ್ಳುವುದಕ್ಕೆ. ಇದೇ ನಮಗೆ ಮಾರ್ಗದರ್ಶಕ. ಮನೆಯ ಕೆಲಸದಲ್ಲಿ ಹಣದ ಲೆಕ್ಕವಿರಲಿ. ಗೌಂಡಿಗೆ ಕೊಟ್ಟದ್ದೆಷ್ಟು, ಮರಕ್ಕೆ ಬಿದ್ದದ್ದೆಷ್ಟು, ಯಾರು ಎಷ್ಟು ಹಾಕಿದರು ಎಂಬುದನ್ನು ಎಲ್ಲರೂ ನೋಡುವಂತೆ ಬರೆದಿಡಲಿ. ಉಪಕಾರದ ಲೆಕ್ಕ ಮಾತ್ರ ಬೇಡ. ಹಣದ ಲೆಕ್ಕ ಬರೆಯದವನು ಉಪಕಾರದ ಲೆಕ್ಕವನ್ನು ಮನಸ್ಸಿನಲ್ಲಿ ಬರೆಯತೊಡಗುತ್ತಾನೆ. ಅದಕ್ಕೆ ಕೂಡುವುದು ಮಾತ್ರ ಗೊತ್ತು, ಕಳೆಯುವುದು ಗೊತ್ತಿಲ್ಲ.

ನೆರವಾಗಲು ಹೋದವನು ಒಡೆಯನಾಗಲೂ ಬಾರದು. ಪಟ್ಟಣದಿಂದ ಬಂದವನಿಗೆ ತನ್ನ ಅಭಿರುಚಿಯೇ ಸರಿಯೆಂದು ತೋರುವುದು ಸಹಜ. ದೇವರ ಜಗಲಿ ಚಿಕ್ಕದಾಗಲಿ, ನಾಗೊಂದಿಗೆ ಕಿತ್ತು ಕಪಾಟು ಬರಲಿ, ಕಟ್ಟೆ ಒಡೆದು ವಾಹನ ನಿಲ್ಲಲು ಜಾಗವಾಗಲಿ ಎಂದು ಅವನು ಅಪ್ಪಣೆ ಕೊಡಿಸುತ್ತಾನೆ. ಆದರೆ ಆ ಜಗಲಿಯ ಮುಂದೆ ಕುಳಿತು ನಿತ್ಯ ಲಿಂಗಪೂಜೆ ಮಾಡಿಕೊಳ್ಳುವವರು ತಾಯಿ. ಸಂಜೆ ಆ ಕಟ್ಟೆಯ ಮೇಲೆ ನಾಲ್ಕು ಜನರೊಡನೆ ಮಾತನಾಡುವವರು ತಂದೆ. ಅವರನ್ನು ಕೇಳದೆ ಮಾಡಿದ ಉಪಕಾರ ಉಪದ್ರವಕ್ಕೆ ಸಮಾನ. ಕಿಂಕರಭಾವವೆಂದರೆ ಕೈಕಟ್ಟಿ ನಿಲ್ಲುವುದಲ್ಲ. ತನ್ನ ಬಲವನ್ನು ಇನ್ನೊಬ್ಬರ ಬಯಕೆಗೆ ಒಪ್ಪಿಸುವುದು. ಕೇಳಬೇಕಾದವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಒಳಗೊಂಡಿದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ಆದರೂ ಮನೆ ರಿಪೇರಿಯ ಆಲೋಚನೆಯಲ್ಲಿ ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರನ್ನು ಕೇಳುವವರು ವಿರಳ. ಮನೆಗೆ ಬಂದ ಸೊಸೆಯರು ಕೆಲಸದಾಳುಗಳಿಗೆಲ್ಲ ರೊಟ್ಟಿ ಬಡಿದು, ಧೂಳಿನ ನಡುವೆ ಅಡಿಗೆ ಮಾಡಿ ದಣಿಯುತ್ತಾರೆ; ಆ ದುಡಿಮೆ ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ. ಲಕ್ಕಮ್ಮನವರ ಮಾತಿಗೆ ಮಾರಯ್ಯನವರು ತಲೆಬಾಗಿದ್ದನ್ನು ಹಾಡಿ ಹೊಗಳುವ ನಾವು, ನಮ್ಮ ಮನೆಯ ಲಕ್ಕಮ್ಮನ ಮಾತನ್ನೂ ಕೇಳಬೇಡವೇ?

ಇನ್ನು ಪಟ್ಟಣದಲ್ಲಿ ಉಳಿದವರ ವಿಚಾರ. ಹಿರಿಯರ ಸೇವೆಗೆ ಹೋಗಿದ್ದೇನೆಂಬ ಪುಣ್ಯಭಾವದಿಂದ ಹೆಂಡತಿ ಮಕ್ಕಳನ್ನು ಮರೆಯುವವನು, ಒಂದು ಮನೆಯ ಕಂಬ ಕಿತ್ತು ಇನ್ನೊಂದು ಮನೆಗೆ ನಿಲ್ಲಿಸಿದಂತಾಯಿತು. ಇಂದು ಕೈಯೊಳಗಿರುವ ದೂರವಾಣಿಗೆ ನಮ್ಮ ಜನ ಜಂಗಮವಾಣಿಯೆಂದು ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದು, ಅದಕ್ಕೆ ತಕ್ಕಂತೆ ನಡೆಸಿಕೊಳ್ಳಬೇಕು. ದಿನದ ಕೊನೆಗೆ ಆತುರದಲ್ಲಿ “ಊಟವಾಯಿತೇ” ಎಂದು ಕೇಳಿ ಮುಗಿಸುವುದು ಮಾತಲ್ಲ. ಇಂದು ತೊಲೆ ಏರಿಸಿದೆವು, ಅಜ್ಜ ಎಳೆಯನಾಗಿದ್ದಾಗ ಗೀಚಿದ ಗುರುತು ಬಾಗಿಲ ಹಿಂದೆ ಸಿಕ್ಕಿತು ಎಂದು ಮಕ್ಕಳಿಗೆ ಹೇಳಿದರೆ, ಆ ಮನೆ ಅವರದೂ ಆಗುತ್ತದೆ. ಮಗಳ ಪರೀಕ್ಷೆ ಹೇಗಾಯಿತೆಂದು ಅಷ್ಟೇ ಗಮನವಿಟ್ಟು ಕೇಳಿದರೆ, ತಂದೆ ದೂರವಿದ್ದೂ ಹತ್ತಿರವಿರುತ್ತಾನೆ. ಸಾಧ್ಯವಾದರೆ ರಜೆಯ ದಿನಗಳಲ್ಲಿ ಅವರನ್ನೂ ಕರೆಸಿಕೊಂಡು ಒಂದು ಬುಟ್ಟಿ ಮಣ್ಣು ಹೊರಿಸುವುದು ಇನ್ನೂ ಲೇಸು. ಹೆಂಡತಿಯ ಒಪ್ಪಿಗೆ ಪಡೆಯದೆ ಹೊರಟವನ ಸೇವೆ ಅರ್ಧ ಸೇವೆ. ಏಕೆಂದರೆ ಉಳಿದರ್ಧದ ಭಾರವನ್ನು ಹೊರುವವಳು ಅವಳು.

ಆದರೂ ತನ್ನವರ ಮನೆಗೆ ದುಡಿದದ್ದು ದಾಸೋಹ ಹೇಗಾದೀತು, ಅದು ಸ್ವಾರ್ಥದ ವಿಸ್ತಾರವಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಇದು ಕಠಿಣವಾದ ಪ್ರಶ್ನೆ. ಇದನ್ನು ತೇಲಿಸಿ ಬಿಡಬಾರದು. ತನ್ನವರೊಡನೆ ಆರಂಭವಾಗುವುದು ತಪ್ಪಲ್ಲ, ತನ್ನವರಲ್ಲಿಯೇ ನಿಂತುಬಿಡುವುದು ತಪ್ಪು. 2009ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಉತ್ತರ ಕರ್ನಾಟಕದಲ್ಲಿ ಪ್ರವಾಹ ಬಂದು, ನದೀತೀರದ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಹೊಳೆ ಇವನ ಮನೆ, ಅವನ ಮನೆ ಎಂದು ಕೇಳಲಿಲ್ಲ. ಅಣ್ಣನ ಗೋಡೆ ಕಟ್ಟಲು ಕಲಿತ ಕೈ, ಉಳಿದ ಕಲ್ಲುಮರವನ್ನು ನೆರೆಯ ಬಡವನ ಕುಸಿದ ಗೋಡೆಗೂ ಒಯ್ದರೆ, ಅಂದು ಆ ಕೈ ದಾಸೋಹವನ್ನು ಕಲಿಯಿತೆಂದು ಹೇಳಬಹುದು. ಒಯ್ಯದಿದ್ದರೆ, ಅದು ಒಳ್ಳೆಯ ಮಗನ ಕೈ ನಿಜ. ಶರಣನ ಕೈ ಇನ್ನೂ ಆಗಿಲ್ಲ.

ಆದುದರಿಂದ ಮನೆಯ ದುರಸ್ತಿ ಸಫಲವಾಯಿತೋ ಇಲ್ಲವೋ ಎಂಬುದನ್ನು ಗೋಡೆಯ ತೂಕಗುಂಡಿನಿಂದ ಮಾತ್ರ ಅಳೆಯಲಾಗದು. ಕೆಲಸ ಮುಗಿದ ದಿನ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಸೊಸೆಯರೂ ಗೌಂಡಿಗಳೂ ಒಂದೇ ಪಂಕ್ತಿಯಲ್ಲಿ ನಗುನಗುತ್ತ ಪ್ರಸಾದ ಸ್ವೀಕರಿಸುವಂತಿದ್ದರೆ ಆ ಮನೆ ನಿಂತಿತು. ಯಾರೊಬ್ಬರು ಮುನಿದು ಹೊರಗುಳಿದರೂ, ಹೊಸ ಸುಣ್ಣದ ಹಿಂದೆ ಒಂದು ಬಿರುಕು ಉಳಿದಂತೆಯೇ ಸರಿ. ಮಾಳಿಗೆ ಮುಂದಿನ ಮಳೆಗಾಲಕ್ಕೆ ಮತ್ತೆ ಮಣ್ಣು ಕೇಳುತ್ತದೆ, ಸ್ಥಾವರದ ಸ್ವಭಾವವೇ ಅದು. ಅದನ್ನು ಎತ್ತಿ ಹಿಡಿದ ಕೈಗಳ ನಡುವಿನ ಪ್ರೀತಿಯೇ ಜಂಗಮ. ಅದನ್ನು ಕಾಯ್ದುಕೊಳ್ಳುವುದೇ ನಿಜವಾದ ಗೃಹಧರ್ಮ.