ಬೇಕು ಎನಿಸಿ, ಸಾಕು ಎನಿಸಿ

ಡಿಸೆಂಬರ್ ಅರ್ಧ ಕಳೆಯಿತೆಂದರೆ ದಕ್ಷಿಣ ಬೆಂಗಳೂರಿನ ಸಂತೆಗಳಿಗೆಲ್ಲ ಒಂದೇ ಬಣ್ಣ, ಒಂದೇ ವಾಸನೆ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ, ಗಾಂಧಿ ಬಜಾರಿನ ಅಂಚಿನಲ್ಲಿ, ಜೆ.ಪಿ. ನಗರದ ಸಾರಕ್ಕಿ ಮಾರುಕಟ್ಟೆಯಲ್ಲಿ, ಬನಶಂಕರಿ ದೇವಸ್ಥಾನದ ಆಚೀಚೆ, ಮಡಿವಾಳದಲ್ಲಿ, ಎಲ್ಲಿ ನೋಡಿದರೂ ಗೋಣಿತಾಟಿನ ಮೇಲೆ ಅವರೆಕಾಯಿ ರಾಶಿ. ಬೇರೆ ತರಕಾರಿಯನ್ನು ಕಣ್ಣಳತೆಯಲ್ಲಿ ಕೊಳ್ಳುವವರು ಇದನ್ನು ಮಾತ್ರ ಮೂಗಿನಿಂದ ಕೊಳ್ಳುತ್ತಾರೆ. ಒಂದು ಹಿಡಿ ಎತ್ತಿ ಮೂಸಿ, "ಸೊಗಡಿದೆಯೇನಮ್ಮ?" ಎಂದು ಕೇಳುವುದು ರೂಢಿ. "ಕೈ ನೋಡ್ಕೊಳಿ ಸಾರ್, ಅಂಟಿಲ್ವಾ? ಮಾಗಡಿ ಕಾಯಿ" ಎಂಬ ಉತ್ತರವೂ ರೂಢಿ. ಬೆರಳಿಗೆ ಅಂಟಿದ ಆ ಜಿಡ್ಡು ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಬಿಡುವುದಿಲ್ಲ.

ಅಲ್ಲಿಂದ ನಾಲ್ಕೈದು ವಾರ ಅಡುಗೆಮನೆಯಲ್ಲಿ ಅದರದೇ ದರ್ಬಾರು. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಅವರೆಕಾಳು ಹುಳಿ, ರಾತ್ರಿ ಹಿದುಕಿದ ಬೇಳೆ ಸಾರು. ಮರುದಿನ ಅಕ್ಕಿರೊಟ್ಟಿಯ ಹಿಟ್ಟಿಗೂ ಅದೇ ಕಾಳು. ಸಾರಕ್ಕಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆಯ ಹಳೆಯ ಮನೆಗಳಲ್ಲಿ ಮುದ್ದೆಯ ಪಕ್ಕಕ್ಕೆ ಅದೇ ಸಾರು, ಭಾನುವಾರದ ಮಟನ್ ಸಾರಿಗೂ ಅದೇ ಕಾಳು. ಹೊಸ ವರ್ಷದ ಹೊತ್ತಿಗೆ ಮಕ್ಕಳು ತಟ್ಟೆ ನೋಡಿ ಮುಖ ಸಿಂಡರಿಸುತ್ತಿದ್ದರು. "ಇವತ್ತೂ ಅವರೆಕಾಯಿನಾ?" ಎಂದರೆ ಅಮ್ಮನ ಉತ್ತರ ಸಿದ್ಧವಾಗಿರುತ್ತಿತ್ತು: "ಇನ್ನು ಹದಿನೈದು ದಿನ. ಆಮೇಲೆ ನೀನು ಅತ್ತರೂ ಸಿಗಲ್ಲ." ಸಂಕ್ರಾಂತಿಯ ದಿನ ಗೆಣಸು, ಕಡಲೆಕಾಯಿಯ ಜೊತೆ ಸಿಪ್ಪೆಸಮೇತ ಬೆಂದ ಅವರೆಕಾಯಿಯನ್ನು ತಿಂದು ಮುಗಿಸುವಷ್ಟರಲ್ಲಿ ಮನೆಮಂದಿಗೆಲ್ಲ ಸಾಕಾಗಿರುತ್ತಿತ್ತು. ರಥಸಪ್ತಮಿಯ ಹೊತ್ತಿಗೆ ಕಾಯಿ ಬಲಿತು, ಸೊಗಡು ಸತ್ತು, ರಾಶಿಗಳು ಕರಗುತ್ತಿದ್ದವು. ಯಾರೂ ಮರುಗುತ್ತಿರಲಿಲ್ಲ.

ಋತುಮಾನದ ಅಡುಗೆಯ ಬಗ್ಗೆ ಬರೆಯುವವರು ಕಾಯುವ ಸುಖವನ್ನು ಹೊಗಳುತ್ತಾರೆ. ಸಾಕಾಗುವ ಸುಖವನ್ನು ಹೊಗಳುವವರು ಕಡಿಮೆ. ನನಗನ್ನಿಸುವಂತೆ ಹಳೆಯ ಅಡುಗೆಮನೆ ನಡೆಯುತ್ತಿದ್ದುದು ಈ ಎರಡರ ಮೇಲೂ. ಹೊಟ್ಟೆ ತುಂಬ, ಮನಸ್ಸು ತುಂಬ, ಬೇಸರ ಬರುವಷ್ಟು ತಿಂದು ಕೈಬಿಟ್ಟದ್ದರಿಂದಲೇ ಹನ್ನೊಂದು ತಿಂಗಳ ನಂತರ ಅದೇ ವಾಸನೆ ಮೂಗಿಗೆ ಬಡಿದಾಗ ಬಾಯಲ್ಲಿ ನೀರೂರುತ್ತಿತ್ತು.

ಈ ಲೆಕ್ಕವನ್ನು ಮನುಷ್ಯರು ಹಾಕಿದ್ದಲ್ಲ, ಗಿಡವೇ ಹಾಕಿಕೊಂಡದ್ದು. ಮಳೆಗಾಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ ನಾಟಿ ಅವರೆ ಎಷ್ಟೇ ಹುಲುಸಾಗಿ ಹಬ್ಬಿದರೂ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ಕೂತ ನಮಗೆ ಅದು ಗೊತ್ತೂ ಆಗುವುದಿಲ್ಲ. ಗಿಡಕ್ಕೆ ಗೊತ್ತಾಗುತ್ತದೆ. ಮಾಗಡಿ, ಕನಕಪುರ, ಹೊಸಕೋಟೆ, ಚಿಂತಾಮಣಿಯ ಹೊಲಗಳಲ್ಲಿ ಹೂವಾಗಿ, ಕಾಯಾಗಿ, ಸಿಪ್ಪೆಯ ಮೇಲೆ ಆ ಜಿಡ್ಡು ಮೂಡುವ ಹೊತ್ತಿಗೆ ಮಾಗಿಯ ಇಬ್ಬನಿಯೂ ಬಂದಿರುತ್ತದೆ. ಇಬ್ಬನಿ ಕುಡಿದ ಕಾಯಿಗೇ ಸೊಗಡು ಹೆಚ್ಚು ಎಂದು ರೈತರು ಹೇಳುತ್ತಾರೆ, ಮಾರುವವರೂ ಹೇಳುತ್ತಾರೆ.

ಗಿಡ ಹಾಕಿದ ಮಿತಿಯ ಜೊತೆಗೆ ಮನೆಗಳೂ ತಮ್ಮ ಮಿತಿಗಳನ್ನು ಹಾಕಿಕೊಂಡಿದ್ದವು. ಜಯನಗರ ಐದನೇ ಬ್ಲಾಕಿನ ರಾಯರ ಮಠಕ್ಕೆ ನಡೆದುಕೊಳ್ಳುವ ಮಾಧ್ವರ ಮನೆಗಳಲ್ಲಿ ಇಂದಿಗೂ ಚಾತುರ್ಮಾಸ್ಯ ಹಿಡಿಯುವವರಿದ್ದಾರೆ. ಆಷಾಢದ ಏಕಾದಶಿಯಿಂದ ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಅದರ ಮುಂದಿನದು ಹಾಲಿಲ್ಲ, ಕೊನೆಯ ತಿಂಗಳು ದ್ವಿದಳವಿಲ್ಲ, ಅಂದರೆ ಬೇಳೆಕಾಳು ಮುಟ್ಟುವಂತಿಲ್ಲ. ಆ ಕೊನೆಯ ವ್ರತ ಕಾರ್ತಿಕದ ಏಕಾದಶಿಗೆ ಮುಗಿಯುತ್ತದೆ. ಒಂದು ತಿಂಗಳು ಬೇಳೆಯ ಸಾರು ಕಾಣದ ನಾಲಿಗೆಯ ಮುಂದೆ ಮೊದಲು ಬರುವುದು ಕಾರ್ತಿಕದ ಕಡೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ. ಅದರ ಬೆನ್ನಿಗೇ ಅವರೆಕಾಯಿ. ಉಳಿದ ಮನೆಗಳಲ್ಲಿ ಬೇರೆ ಕಟ್ಟುಪಾಡು: ಶ್ರಾವಣವೆಲ್ಲ ಮಾಂಸ ಬಿಟ್ಟು ಹಬ್ಬ ಕಳೆದ ಮೇಲೆ ಮತ್ತೆ ಒಲೆಗೆ ಏರಿಸುವುದು, ಯುಗಾದಿಯ ಒಬ್ಬಟ್ಟಿನ ಮರುದಿನ ಹೊಸತೊಡಕು. ಭಕ್ತಿ ಎಷ್ಟು, ಅಭ್ಯಾಸ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಪರಿಣಾಮ ಒಂದೇ. ಬಿಟ್ಟದ್ದಕ್ಕೆ ರುಚಿ ಬರುತ್ತಿತ್ತು.

ಈಗ ಆ ಗಡಿಗಳೆಲ್ಲ ಸಡಿಲಾಗಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ತಳಿಗಳು ಹಗಲಿನ ಉದ್ದವನ್ನು ಕೇಳುವುದಿಲ್ಲ. ಯಾವಾಗ ಬಿತ್ತಿದರೂ ಫಸಲು ಕೊಡುತ್ತವೆ. ಒಂದೇ ತಿಂಗಳಲ್ಲಿ ಎಲ್ಲರ ಕಾಯಿ ಮಾರುಕಟ್ಟೆಗೆ ಬಿದ್ದು ಬೆಲೆ ಕುಸಿಯುವುದನ್ನು ನೋಡಿದ ರೈತನಿಗೆ ಇದು ದೊಡ್ಡ ಆಸರೆ, ಅದನ್ನು ಆಡಿಕೊಳ್ಳಲಾಗದು. ಜೂನ್‌ನಲ್ಲೂ ಅವರೆಕಾಯಿ ಸಿಗುತ್ತದೆ. ಸೊಗಡಿರುವುದಿಲ್ಲ, ಅಷ್ಟೇ. ಅದಕ್ಕೂ ನಾವು ಉಪಾಯ ಕಂಡುಕೊಂಡಿದ್ದೇವೆ. ಜನವರಿಯಲ್ಲಿ ಬೇಳೆ ಹಿದುಕಿ ಪೊಟ್ಟಣ ಕಟ್ಟಿ ಫ್ರೀಜರಿಗೆ ತುಂಬಿ, ತಿಂಗಳಿಗೊಮ್ಮೆ ಒಂದೊಂದು ತೆಗೆಯುವುದು. ಅಮೆರಿಕದಲ್ಲಿರುವ ಮಕ್ಕಳು ಅಲ್ಲಿನ ಇಂಡಿಯನ್ ಸ್ಟೋರಿನಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ಅದೇ ಬೇಳೆ ಕೊಂಡು ಅಮ್ಮನಿಗೆ ಫೋಟೊ ಕಳಿಸುತ್ತಾರೆ. ಸಾರು ಚೆನ್ನಾಗಿಯೇ ಆಗುತ್ತದೆ. ಆದರೆ ಜುಲೈ ತಿಂಗಳಲ್ಲಿ ಫ್ರೀಜರ್ ಬೇಳೆಯ ಸಾರು ಮಾಡಿ ಯಾರೂ ಪಕ್ಕದ ಮನೆಗೆ ಡಬ್ಬಿ ಕಳಿಸುವುದಿಲ್ಲ. ಕೂಡಿಟ್ಟದ್ದನ್ನು ಹಂಚಲು ಮನಸ್ಸು ಬರುವುದಿಲ್ಲ. ಹಾಳಾಗುವುದನ್ನೇ ಮನುಷ್ಯ ಧಾರಾಳವಾಗಿ ಹಂಚುವುದು. ಮಾಗಿಯಲ್ಲಿ ಡಬ್ಬಿಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದುದಕ್ಕೆ ಔದಾರ್ಯವೆಷ್ಟು ಕಾರಣವೋ, ಸಾಕಾಗಿದ್ದೂ ಅಷ್ಟೇ ಕಾರಣ. ಹೋದ ಡಬ್ಬಿ ಖಾಲಿ ಬರಬಾರದೆಂಬ ನಿಯಮ ಬೇರೆ. ನಮ್ಮ ಹುಳಿ ಹೋದ ಡಬ್ಬಿಯಲ್ಲಿ ಎದುರುಮನೆಯವರ ಎಳ್ಳು-ಬೆಲ್ಲ ಬರುತ್ತಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ತಿನ್ನುವವರಿಗೆ ಸಂಕ್ರಾಂತಿಗೆ ಸಾಕಾಗುತ್ತಿತ್ತು. ಮಾಡುವವರಿಗೆ ಯಾವಾಗ ಸಾಕಾಗುತ್ತಿತ್ತು?

ಹಿದುಕಿದ ಬೇಳೆ ಎಂದರೆ ಏನೆಂದು ಒಮ್ಮೆ ಕೂತು ಮಾಡಿದವರಿಗೇ ಗೊತ್ತು. ಮೂರು ಕಿಲೋ ಕಾಯಿ ಬಿಡಿಸಿದರೆ ಪಾತ್ರೆಯ ತಳ ಮುಚ್ಚುವಷ್ಟು ಕಾಳು. ನಡುವೆ ಹಸಿರು ಹುಳ ಸಿಕ್ಕರೆ ಹುಡುಗರ ಕಿರುಚಾಟ. "ಹುಳ ಇದ್ರೆ ಔಷಧಿ ಹೊಡೆದಿಲ್ಲ ಅಂತ ಅರ್ಥ" ಎಂದು ಅಜ್ಜಿಯ ಸಮಾಧಾನ. ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಗಾದ ಮೇಲೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಒತ್ತಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಮೊದಲ ಹತ್ತು ನಿಮಿಷ ಆಟ. ಆಮೇಲೆ ಬೆರಳ ತುದಿ ಸುಕ್ಕುಗಟ್ಟಿ, ಉಗುರಂಚು ಕಪ್ಪಾಗಿ, ಸೊಂಟ ಹಿಡಿದುಕೊಳ್ಳುತ್ತದೆ. ಧನುರ್ಮಾಸವಾದ್ದರಿಂದ ಬೆಳಗಿನ ಜಾವವೇ ಎದ್ದು ನೈವೇದ್ಯಕ್ಕೆ ಹುಗ್ಗಿ ಬೇಯಿಸಿದ ಹೆಂಗಸರು ಇವರು. ಮಧ್ಯಾಹ್ನ ಬೇಳೆ ಹಿದುಕಿ, ರಾತ್ರಿ ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಕೊರೆಯಲು ಕೂರುವವರೂ ಇವರೇ. ಮನೆಯ ಗಂಡಸರು ಅದೇ ಹಜಾರದಲ್ಲಿ ಪೇಪರ್ ಓದುತ್ತ, ಮಾತಿಗೆ ಮಾತು ಸೇರಿಸುತ್ತ ಕೂತಿರುತ್ತಿದ್ದರು. ಇಂದು ಮಾಗಿಯ ರುಚಿಯ ಬಗ್ಗೆ ಕಣ್ಣು ತುಂಬಿಕೊಂಡು ಮಾತಾಡುವವರಲ್ಲಿ ಈ ಪೇಪರ್ ಓದುತ್ತಿದ್ದ ಗುಂಪಿನವರೇ ಹೆಚ್ಚು. ನಾನೂ ಆ ಕಡೆಯವನೇ.

ಆದ್ದರಿಂದ ಗಾಂಧಿ ಬಜಾರಿನಲ್ಲಿ ಹಿದುಕಿದ ಬೇಳೆಯನ್ನೇ ತೂಕ ಹಾಕಿಸಿ ಒಯ್ಯುವ ಹೆಣ್ಣುಮಗಳನ್ನು ನೋಡಿ "ಈಗಿನವರಿಗೆ ಪುರುಸೊತ್ತಿಲ್ಲ" ಎನ್ನುವವರ ಜೊತೆ ನಾನಿಲ್ಲ. ಸಂಜೆ ಏಳೂವರೆಗೆ ಸಿಲ್ಕ್ ಬೋರ್ಡಿನ ಸಿಗ್ನಲ್ ದಾಟಿ ಮನೆ ಸೇರುವವಳಿಗೆ ಆ ಪೊಟ್ಟಣ ವರವೇ ಸರಿ. ಆದರೆ ಕೆಲಸ ಮಾಯವಾಗಿಲ್ಲ, ಮನೆ ಬದಲಾಯಿಸಿದೆ ಅಷ್ಟೇ. ಚೌಕದ ಮೂಲೆಯಲ್ಲಿ ಮುಂದೆ ಬಕೆಟ್ಟಿಟ್ಟುಕೊಂಡು, ಗಿರಾಕಿಯ ಜೊತೆ ಮಾತಾಡುವಾಗಲೂ ಬೆರಳು ನಿಲ್ಲಿಸದೆ ಬೇಳೆ ಹಿದುಕುವ ಹೆಂಗಸನ್ನು ನೋಡಿ. ಕಾಳಿನ ದರಕ್ಕೂ ಬೇಳೆಯ ದರಕ್ಕೂ ಇರುವ ವ್ಯತ್ಯಾಸವೇ ಅವಳ ಬೆರಳಿನ ಕೂಲಿ. ಅಲ್ಲಿ ನಿಂತು ಐದು ರೂಪಾಯಿಗೆ ಚೌಕಾಸಿ ಮಾಡುವ ಮುನ್ನ ನಮ್ಮ ಮನೆಯಲ್ಲಿ ಆ ಕೂಲಿಯನ್ನು ಯಾರಿಗೂ ಕೊಟ್ಟಿರಲಿಲ್ಲ ಎಂಬುದು ನೆನಪಾದರೆ ಒಳ್ಳೆಯದು.

ಊರು ಬೆಳೆದ ರೀತಿಯಲ್ಲೂ ಕಾಲದ ಗಡಿಗಳು ಹೀಗೇ ಅಳಿಸಿವೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಯಡಿಯೂರು, ಸಾರಕ್ಕಿ, ಬೈರಸಂದ್ರಗಳು ಕೆರೆ, ಹೊಲಗಳ ನಡುವಿನ ಹಳ್ಳಿಗಳು. ಇಂದು ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಬಿಟಿಎಂ ಎಂಬ ಮೂರಕ್ಷರದಲ್ಲಿ ಅಡಗಿ, ಬೀದಿಬೀದಿಗೂ ಪಿ.ಜಿ.ಗಳಾಗಿವೆ. ಅಲ್ಲಿನ ಹುಡುಗ ಹುಡುಗಿಯರ ತಟ್ಟೆಗೆ ಕಾಲಮಾನವಿಲ್ಲ. ಮಾರ್ಚ್ ಆಗಲಿ ನವೆಂಬರ್ ಆಗಲಿ ಅದೇ ಆಲೂಗಡ್ಡೆ, ಅದೇ ತಿಳಿಸಾರು. ಹಾಸನದಿಂದಲೋ ಚಿಂತಾಮಣಿಯಿಂದಲೋ "ಬಸ್ಸಿಗೆ ಹಾಕಿದೀನಿ, ಹೋಗಿ ಇಸ್ಕೊ" ಎಂದು ಅಮ್ಮನ ಫೋನ್ ಬಂದ ದಿನ ಮಾತ್ರ ಅವರಿಗೆ ಮಾಗಿ. ಉಳಿದವರಿಗೆ ಅವರೆಬೇಳೆ ಮೇಳವಿದೆ. 2000ದಲ್ಲಿ ವಿ.ವಿ. ಪುರಂನ ಸಜ್ಜನ್‌ರಾವ್ ವೃತ್ತದ ತಿಂಡಿಬೀದಿಯಲ್ಲಿ ವಾಸವಿ ಕಾಂಡಿಮೆಂಟ್ಸ್‌ನವರು ಶುರು ಮಾಡಿದ ಈ ಮೇಳ ಜನಜಂಗುಳಿ ಹೆಚ್ಚಿ ಇತ್ತೀಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ಅವರೆಬೇಳೆ ದೋಸೆಯಿಂದ ಜಿಲೇಬಿಯವರೆಗೆ ಏನೆಲ್ಲ ಮಾಡುತ್ತಾರೆ. ಜಿಲೇಬಿಯಲ್ಲಿ ಅವರೆಬೇಳೆಗೆ ಏನು ಕೆಲಸ ಎಂದು ಹಿರಿಯರು ಮೂಗು ಮುರಿಯಬಹುದು. ಆದರೂ ಇಷ್ಟು ದೊಡ್ಡ ಊರು ಒಂದು ಕಾಳಿಗಾಗಿ ಚಳಿಯಲ್ಲಿ ಸಾಲು ನಿಂತು, ಮೇಳ ಮುಗಿದ ಮೇಲೆ ಸುಮ್ಮನೆ ಮನೆಗೆ ಹೋಗುತ್ತದಲ್ಲ, ಅದು ನನಗೆ ಇಷ್ಟ. ಮೇಳಕ್ಕೆ ಕೊನೆಯ ದಿನವೊಂದಿದೆ.

ಎಲ್ಲವೂ ಎಲ್ಲ ಕಾಲಕ್ಕೂ ಚೂರುಚೂರು ಸಿಗುವ ಮನೆಯಲ್ಲಿ ಯಾವುದೂ ಬೇಕೆನಿಸುವುದಿಲ್ಲ, ಯಾವುದೂ ಸಾಕೆನಿಸುವುದಿಲ್ಲ. ಫ್ರಿಜ್ ಬಾಗಿಲು ತೆಗೆದು ಐದು ನಿಮಿಷ ನಿಂತು, ಏನೂ ಬೇಡವೆಂದು ಮುಚ್ಚುವ ಮಕ್ಕಳನ್ನು ಎಲ್ಲ ಮನೆಗಳಲ್ಲೂ ನೋಡುತ್ತೇವೆ. ಅವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಒಂದು ಕಾಲವನ್ನು ಪೂರ್ತಿಯಾಗಿ ಕೊಟ್ಟು, ಪೂರ್ತಿಯಾಗಿ ಮುಗಿಸಿ ನೋಡಬಹುದು. ಅವರೆಕಾಯಿಯ ಕಾಲದಲ್ಲಿ ಮನೆಮಂದಿಯೆಲ್ಲ ಬೇಸರವಾಗುವಷ್ಟು ಅವರೆಕಾಯಿ ತಿನ್ನೋಣ, ಉಳಿದದ್ದನ್ನು ಮಹಡಿಯ ಮೇಲಿನವರಿಗೂ ಕೆಳಗಿನವರಿಗೂ ಕೊಡೋಣ, ಫ್ರೀಜರಿಗೆ ಏನನ್ನೂ ಹಾಕದೆ ಬಿಡೋಣ. ಕಾಯಿ ಬಿಡಿಸುವಾಗ ಪೇಪರ್, ಮೊಬೈಲು ಬದಿಗಿಟ್ಟು ಎಲ್ಲರೂ ಮೊರದ ಸುತ್ತ ಕೂರೋಣ. ಒಬ್ಬರ ಬೆರಳು ಮಾತ್ರ ಸುಕ್ಕಾಗುವ ಹಬ್ಬ ಉಳಿದವರಿಗೆ ಹಬ್ಬ, ಅವರಿಗೆ ಪಾಳಿ.

ಸಂಕ್ರಾಂತಿ ಕಳೆದರೆ ಇದು ಮುಗಿಯುತ್ತದೆ. ಶಿವರಾತ್ರಿಯ ಆಸುಪಾಸಿಗೆ ಹೊಸ ಹುಣಸೆಹಣ್ಣು ಬರುತ್ತದೆ. ಬೀಜ, ನಾರು ತೆಗೆದು, ಉಪ್ಪು ಬೆರೆಸಿ ವರ್ಷಕ್ಕಾಗುವಷ್ಟು ತುಂಬಿಡಬೇಕು. ಆ ಕೆಲಸಕ್ಕೆ ಯಾರು ಯಾರು ಕೂರುತ್ತಾರೆ ಎಂಬುದನ್ನು ಇವತ್ತು ರಾತ್ರಿ ಊಟದ ಹೊತ್ತಿಗೇ ಮಾತಾಡಿಕೊಳ್ಳಿ. ಹೇಗೂ ತಟ್ಟೆಯಲ್ಲಿ ಅವರೆಕಾಯಿ ಹುಳಿಯೇ ಇರುತ್ತದೆ. ಹುಣಸೆಹಣ್ಣಿಲ್ಲದೆ ಅದೂ ಆಗುವುದಿಲ್ಲ.