ಅಂಡಜ ಜೀವವೂ ಶ್ರಾವಕನ ವಿವೇಕವೂ

ಮೊಟ್ಟೆಯು ಆಹಾರವೋ ಜೀವವೋ ಎಂಬ ಪ್ರಶ್ನೆ ಶ್ರಾವಕರ ಮನೆಗಳಲ್ಲಿ ಹೊಸದಲ್ಲ. 2021ರ ಡಿಸೆಂಬರ್‌ನಲ್ಲಿ ಕಲಬುರಗಿಯೂ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಬೇಯಿಸಿದ ಮೊಟ್ಟೆಯನ್ನು ಕೊಡಲಾರಂಭಿಸಿದಾಗ, ಜೇವರ್ಗಿ ತಾಲೂಕಿನ ಅಂದೋಲಾದಂತಹ ಊರುಗಳ ಮಟ್ಟಿಗೂ ಅದು ನಿತ್ಯದ ಪ್ರಶ್ನೆಯಾಯಿತು. ಮಕ್ಕಳ ಅಪೌಷ್ಟಿಕತೆ ನೀಗಬೇಕೆಂಬುದು ಯೋಜನೆಯ ಉದ್ದೇಶ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿನ ಏರ್ಪಾಡೂ ಆಯಿತು. ಇಂತಹ ಸಂದರ್ಭಗಳಲ್ಲಿ ಮುಂದಿಡುವ ವಾದವೊಂದುಂಟು: ಫಾರಂ ಮೊಟ್ಟೆಗೆ ಹುಂಜದ ಸಂಪರ್ಕವಿಲ್ಲ, ಅದರಲ್ಲಿ ಜೀವವಿಲ್ಲ, ಆದುದರಿಂದ ಅದು ಸಸ್ಯಾಹಾರವೇ ಸರಿ.

ಈ ವಾದವನ್ನು ತೂಗುವ ಮುನ್ನ ಮೊಟ್ಟೆಯೊಳಗೆ ನಡೆಯುವುದೇನೆಂದು ತಿಳಿಯಬೇಕು. ಫಲಿತ ಮೊಟ್ಟೆಯ ಹಳದಿಯ ಮೇಲೆ ಒಂದು ಬಿಳಿಯ ಚುಕ್ಕೆಯಿರುತ್ತದೆ. ಕೋಳಿ ಮೊಟ್ಟೆಯಿಡುವ ಹೊತ್ತಿಗೇ ಆ ಚುಕ್ಕೆಯಲ್ಲಿ ಸಾವಿರಾರು ಜೀವಕೋಶಗಳಿರುತ್ತವೆ. ತಂಪಿನಲ್ಲಿ ಬೆಳವಣಿಗೆ ತಡೆದು ನಿಲ್ಲುತ್ತದೆ, ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಕಾವು ದೊರೆತೊಡನೆ ಮುಂದುವರಿಯುತ್ತದೆ. ಎರಡನೆಯ ದಿನವೇ ಹೃದಯ ಮಿಡಿಯತೊಡಗುತ್ತದೆ. ಮೂರು ನಾಲ್ಕನೆಯ ದಿನಗಳಲ್ಲಿ ಕಾಲು ರೆಕ್ಕೆಗಳ ಮೊಳಕೆ, ಎರಡನೆಯ ವಾರದಲ್ಲಿ ಕೊಕ್ಕು ಗರಿಗಳ ರೂಪ. ಮೂಳೆಗೆ ಬೇಕಾದ ಸುಣ್ಣದ ಬಹುಭಾಗ ಚಿಪ್ಪಿನಿಂದಲೇ ಒದಗುತ್ತದೆ. ಕೊನೆಯ ದಿನಗಳಲ್ಲಿ ಉಳಿದ ಹಳದಿಯನ್ನು ಮರಿ ತನ್ನ ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತದೆ, ಮೊಟ್ಟೆಯ ದಪ್ಪ ತುದಿಯ ಗಾಳಿಕೋಶವನ್ನು ಕೊಕ್ಕಿನಿಂದ ಭೇದಿಸಿ ಉಸಿರಾಡುತ್ತದೆ, ಚಿಪ್ಪಿನೊಳಗಿಂದಲೇ ಕೂಗುತ್ತದೆ, 21ನೆಯ ದಿನದ ಸುಮಾರಿಗೆ ಹೊರಬರುತ್ತದೆ.

ತತ್ತ್ವಾರ್ಥಸೂತ್ರವು ಗರ್ಭಜನ್ಮವನ್ನು ಜರಾಯುಜ, ಅಂಡಜ, ಪೋತ ಎಂದು ಮೂರು ಬಗೆಯಾಗಿ ಹೇಳುತ್ತದೆ. ಅಂದರೆ ಚಿಪ್ಪೂ ಒಂದು ಗರ್ಭವೇ. ಒಳಗಿರುವುದು ಪಂಚೇಂದ್ರಿಯ ಜೀವ. ಆಧುನಿಕ ಕಾನೂನು ಬೇರೊಂದು ಅಳತೆಗೋಲನ್ನು ಹಿಡಿದಿದೆ. ಜರ್ಮನಿಯು 2022ರ ಜನವರಿ 1ರಿಂದ ಗಂಡು ಮರಿಗಳ ಹತ್ಯೆಯನ್ನು ನಿಷೇಧಿಸಿತು. 2023ರ ತಿದ್ದುಪಡಿಯಲ್ಲಿ, ನೋವಿನ ಅರಿವು ಅದುವರೆಗೆ ಇಲ್ಲವೆಂಬ ಆಧಾರದ ಮೇಲೆ, 12ನೆಯ ದಿನದವರೆಗೆ ಭ್ರೂಣವನ್ನು ನಾಶಗೊಳಿಸಲು ಅವಕಾಶವಿತ್ತಿತು. ಜೈನ ವಿಚಾರಕ್ಕೆ ನೋವೊಂದೇ ಎಲ್ಲೆಯಲ್ಲ. ಪ್ರಾಣಗಳ ಘಾತವೇ ಹಿಂಸೆ, ಪ್ರಮಾದವೇ ಅದರ ಮೂಲ.

ಇನ್ನು ಫಲಿತವಲ್ಲದ ಮೊಟ್ಟೆ. ಅದರಿಂದ ಮರಿ ಹುಟ್ಟುವುದಿಲ್ಲವೆಂಬುದು ನಿಜ. ಹುಟ್ಟುತ್ತದೆಂದು ವಾದಿಸುವುದು ಸತ್ಯಾಣುವ್ರತಕ್ಕೆ ಒಪ್ಪದು. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯದು. ಆ ಮೊಟ್ಟೆಯಿಟ್ಟ ಕೋಳಿ ಹ್ಯಾಚರಿಯಲ್ಲಿ ಒಡೆದು ಬಂದುದು. ಅದರೊಡನೆ ಹುಟ್ಟಿದ ಗಂಡು ಮರಿ ಮೊಟ್ಟೆಯಿಡದು, ಮಾಂಸಕ್ಕೂ ಲಾಭವಿಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ನೂರಾರು ಕೋಟಿ ಇಂತಹ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲಲಾಗುತ್ತದೆ. ಹೆಣ್ಣು ಕೋಳಿ ಪಂಜರದಲ್ಲಿ ಬೆಳೆದು, ಮೊಟ್ಟೆ ಕಡಿಮೆಯಾದೊಡನೆ ಕಟುಕನಿಗೆ ಮಾರಾಟವಾಗುತ್ತದೆ.

ಯಶೋಧರನ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಇದೇ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಅಂದಿನ ಮಾನ್ಯಖೇಟದಲ್ಲಿ, ಹತ್ತನೆಯ ಶತಮಾನದ ಪುಷ್ಪದಂತನು ಅದನ್ನು ಅಪಭ್ರಂಶದಲ್ಲಿ ರಚಿಸಿದನು. ಜನ್ನನು 1209ರಲ್ಲಿ ಕನ್ನಡಕ್ಕೆ ತಂದನು. ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿ, ಅದರಲ್ಲಿ ಜೀವವಿರಲಿಲ್ಲ. ಆದರೂ ಸಂಕಲ್ಪಹಿಂಸೆಯಿಂದ ತಾಯಿ ಮಗನಿಬ್ಬರೂ ಭವಭವಗಳಲ್ಲಿ ತೊಳಲಿದರು. ಮೊಟ್ಟೆ ತಿನ್ನುವವನಿಗೆ ಕೊಲ್ಲುವ ಸಂಕಲ್ಪವಿಲ್ಲದಿರಬಹುದು, ಎರಡೂ ಒಂದೇ ಅಲ್ಲ. ಆದರೆ ಕೈಯಲ್ಲಿರುವ ವಸ್ತುವಿನಲ್ಲಿ ಜೀವವಿಲ್ಲವೆಂಬುದಷ್ಟೇ ನಿರ್ದೋಷತ್ವಕ್ಕೆ ಸಾಲದೆಂಬುದನ್ನು ಆ ಕಥೆ ಸ್ಪಷ್ಟಪಡಿಸುತ್ತದೆ.

ಹಾಗೆಂದು ಮೊಟ್ಟೆ ತಿನ್ನುವ ಬಡ ಮಗುವನ್ನು ಹೀನವಾಗಿ ಕಾಣುವುದು ಮಾನಕಷಾಯ, ಅದೂ ಬಂಧಕಾರಣವೇ. ಹಸಿದ ಮಗುವಿನ ತಟ್ಟೆಯಿಂದ ಒಂದನ್ನು ತೆಗೆಯಬೇಕೆನ್ನುವವರು ಮತ್ತೊಂದನ್ನು ಬಡಿಸಲು ಸಿದ್ಧರಿರಬೇಕು. ತೊಗರಿಯ ಕಣಜವೆನಿಸಿದ ಈ ನಾಡಿನಲ್ಲಿ ಬೇಳೆ, ಶೇಂಗಾ, ಹಾಲುಗಳನ್ನು ಶಾಲೆಗೆ ಒದಗಿಸುವುದು ಬಸದಿಯ ಟ್ರಸ್ಟುಗಳಿಗೆ ಅಸಾಧ್ಯವಲ್ಲ. ಆಹಾರದಾನವು ಶ್ರಾವಕಧರ್ಮದ ಅಂಗವೇ ಆಗಿದೆ.

ಕೊನೆಯದಾಗಿ, ಕೃತ, ಕಾರಿತ, ಅನುಮೋದನೆಗಳೆಂಬ ಮೂರೂ ದ್ವಾರಗಳಿಂದ ಕರ್ಮವು ಆಸ್ರವಿಸುತ್ತದೆ. ಮನೆಯಲ್ಲಿ ಮೊಟ್ಟೆಯನ್ನು ಮುಟ್ಟದ ವರ್ತಕನು ಕೋಳಿಫಾರಂಗೆ ಮೆಕ್ಕೆಜೋಳ ಪೂರೈಸಿದರೆ, ಹ್ಯಾಚರಿಗೆ ಸಾಲವಿತ್ತು ಬಡ್ಡಿ ಪಡೆದರೆ, ಅವನ ವ್ರತವು ಅಡುಗೆಮನೆಯ ಹೊಸ್ತಿಲಲ್ಲೇ ನಿಂತಂತಾಯಿತು. ದೀಪಾವಳಿಯಲ್ಲಿ ಹೊಸ ಖಾತೆ ಬರೆಯುವಾಗ ಪ್ರತಿಯೊಬ್ಬ ಶ್ರಾವಕನೂ ಈ ಬಾಬನ್ನು ಪರಿಶೀಲಿಸಿ ನೋಡುವುದು ಯುಕ್ತ.