ನಡಿಗೆಯೂ ನ್ಯಾಯವೂ

ನಗರವು ನಡೆಯಲು ಯೋಗ್ಯವೇ ಎಂಬ ಪ್ರಶ್ನೆಗೆ, ನಡೆಯುವವರು ಯಾರೆಂದು ಅರಿಯದೆ ಉತ್ತರ ಹೇಳಲಾಗದು. ಬೆಂಗಳೂರಿನಲ್ಲಿ ಪಾದಚಾರಿಮಾರ್ಗವೆಂಬುದು ಅನೇಕ ಕಡೆಗಳಲ್ಲಿ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳೇ. ಅವುಗಳಲ್ಲೊಂದು ಮುರಿದಿದ್ದರೆ ತರುಣನು ಹಾರಿ ದಾಟುತ್ತಾನೆ; ಗರ್ಭಿಣಿಯು ರಸ್ತೆಗಿಳಿಯುತ್ತಾಳೆ; ಗಾಲಿಕುರ್ಚಿಯವನಿಗೆ ದಾರಿಯು ಅಲ್ಲಿಗೇ ಮುಗಿಯುತ್ತದೆ; ಅಂಧನಿಗಾದರೋ ಅದು ಬಿದ್ದ ಮೇಲೆ ತಿಳಿಯುವ ಸಂಗತಿ.

ರಸ್ತೆ ದಾಟುವ ಕಾಲವನ್ನು ಗಣಿಸುವಾಗ ಮನುಷ್ಯನ ನಡಿಗೆಯನ್ನು ಸೆಕೆಂಡಿಗೆ 1.2 ಮೀಟರೆಂದು ಹಿಡಿಯುವುದು ವಾಡಿಕೆ. ಆ ಲೆಕ್ಕದಲ್ಲಿ 12 ಮೀಟರು ಅಗಲದ ರಸ್ತೆಗೆ 10 ಸೆಕೆಂಡು ಸಾಕು. ಸೆಕೆಂಡಿಗೆ 0.8 ಮೀಟರಿನಂತೆ ನಡೆಯುವ ವೃದ್ಧೆಗೆ ಆಗ ಇನ್ನೂ 4 ಮೀಟರು ದಾರಿ ಉಳಿದಿರುತ್ತದೆ, ವಾಹನಗಳು ಹೊರಟಿರುತ್ತವೆ.

ಕೆಲವರಿಗಾಗಿ ಅನೇಕರು ಕಾಯುವುದು ನ್ಯಾಯವೇ ಎಂದು ಆಕ್ಷೇಪಿಸಬಹುದು. ಕಾಯುವವನು ಕಳೆದುಕೊಳ್ಳುವುದು 5 ಸೆಕೆಂಡುಗಳನ್ನು. ಕಾಯದಿದ್ದರೆ ಆಕೆ ಕಳೆದುಕೊಳ್ಳಬಹುದಾದುದು ಪ್ರಾಣವನ್ನು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪಾದಚಾರಿಮಾರ್ಗದ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದಲ್ಲಿಯೇ, ಅಂದರೆ ಜೀವಿಸುವ ಹಕ್ಕಿನಲ್ಲಿಯೇ, ಅಡಕವಾಗಿದೆಯೆಂದಿತು. ಆದುದರಿಂದ ನಿಧಾನವಾಗಿ ನಡೆಯುವವರಿಗೆ ದಾರಿಮಾಡಿಕೊಡುವುದು ದಯೆಯಲ್ಲ, ಋಣಸಂದಾಯ. ತರುಣನೂ ಒಮ್ಮೆ ಹಿರಿಯರ ಕೈಹಿಡಿದು ನಡೆದ ಮಗುವೇ. ಬದುಕಿದ್ದರೆ ಮುಂದೆ ವೃದ್ಧನೂ ಆಗುವನು.